ವಕೀಲರ ತಪ್ಪಿಗೆ ಕಕ್ಷಿದಾರನಿಗೆ ಶಿಕ್ಷೆಯೇ?

ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಮಾತು ನಮ್ಮಲ್ಲಿ ಹಳೆಯದು. ಆದರೆ ಈ ಎರಡೂ ವರ್ಗಕ್ಕೆ ಸೇರದವರು ಕೆಲವರಿದ್ದಾರೆ. ಅವರ ವಾದವನ್ನು ಮೇಲಿನ ನ್ಯಾಯಾಲಯ ಆಲಿಸಿರುವುದೇ ಇಲ್ಲ. ಅವರ ದಾಖಲೆ ಸರಿಯೋ ತಪ್ಪೋ, ಹಕ್ಕು ನಿಜವೋ ಸುಳ್ಳೋ ಎಂಬ ವಿಚಾರಣೆಯೂ ಅಲ್ಲಿ ನಡೆದಿರುವುದಿಲ್ಲ. ಅವರಿಗೆ ಸಿಗುವುದು ಒಂದೇ ಸಾಲಿನ ಉತ್ತರ: ಮೇಲ್ಮನವಿ ಅವಧಿ ಮೀರಿ ಸಲ್ಲಿಕೆಯಾಗಿದೆ, ಆದ್ದರಿಂದ ತಿರಸ್ಕರಿಸಲಾಗಿದೆ. ತಡವಾದದ್ದು ಯಾರಿಂದ? ಅನೇಕ ಸಂದರ್ಭಗಳಲ್ಲಿ ಅವರಿಂದಲ್ಲ. ಅವರು ಶುಲ್ಕ ಕೊಟ್ಟಿದ್ದರು, ವಕಾಲತ್ತಿಗೆ ಸಹಿ ಹಾಕಿದ್ದರು, ಕೇಳಿದ ಕಾಗದಗಳನ್ನೆಲ್ಲ ಒಪ್ಪಿಸಿದ್ದರು. “ನೀವು ಹೋಗಿ, ನಾನು ನೋಡಿಕೊಳ್ಳುತ್ತೇನೆ” ಎಂಬ ಭರವಸೆಯನ್ನು ನಂಬಿ ಮನೆಗೆ ಮರಳಿದ್ದರು. ದಿನಾಂಕವನ್ನು ಮರೆತದ್ದು, ತಪ್ಪು ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದು ಅಥವಾ ಆಕ್ಷೇಪಣೆಗಳನ್ನು ಸರಿಪಡಿಸದೆ ಕಡತವನ್ನು ಕಪಾಟಿನಲ್ಲಿಟ್ಟದ್ದು ಅವರ ವಕೀಲರು.

ಮನೆಯ ಜಾಗದ ವಿವಾದ, ಅಂಗಡಿ ಬಾಡಿಗೆಯ ತಕರಾರು, ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು, ಅಪಘಾತದಲ್ಲಿ ದುಡಿಯುವ ಮಗನನ್ನು ಕಳೆದುಕೊಂಡ ತಾಯಿಯ ಪರಿಹಾರ, ವಿಚ್ಛೇದಿತೆಯ ಜೀವನಾಂಶ... ನಮ್ಮ ಪಟ್ಟಣಗಳ ಕುಟುಂಬಗಳು ನ್ಯಾಯಾಲಯಕ್ಕೆ ಹೋಗುವುದು ಬಹುತೇಕ ಇಂತಹ ವಿಷಯಗಳಿಗಾಗಿಯೇ. ಇವುಗಳಲ್ಲಿ ಒಂದು ಮೇಲ್ಮನವಿ ಬಿದ್ದುಹೋದರೆ ಸೋಲುವುದು ಒಂದು ಪ್ರಕರಣ ಮಾತ್ರವಲ್ಲ, ಒಂದು ಮನೆಯ ಮುಂದಿನ ತಲೆಮಾರಿನ ಬದುಕು ಕೂಡ ಹೌದು. ಆದ್ದರಿಂದ ವಕೀಲರ ತಪ್ಪಿನಿಂದ ಅವಧಿ ಮೀರಿದಾಗ ಅದನ್ನು ಮನ್ನಿಸುವ ನ್ಯಾಯಾಲಯದ ವಿವೇಚನಾಧಿಕಾರವು ಕೇವಲ ಕಾನೂನು ಪಂಡಿತರ ಚರ್ಚೆಯ ವಿಷಯವಲ್ಲ. ಅದು ನಮ್ಮೆಲ್ಲರ ಮನೆಬಾಗಿಲಿನ ವಿಷಯವಾಗಿದೆ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಿವಿಲ್ ಪ್ರಕರಣಗಳಲ್ಲಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನಗಳ, ಇತರ ನ್ಯಾಯಾಲಯಗಳಿಗೆ 30 ದಿನಗಳ ಅವಕಾಶವಿದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ, ಇತರ ನ್ಯಾಯಾಲಯಗಳಿಗೆ 30 ದಿನ. ಮರಣದಂಡನೆಯಾದರೆ ಹೈಕೋರ್ಟಿಗೂ 30 ದಿನ ಮಾತ್ರ. ಕುಟುಂಬ ನ್ಯಾಯಾಲಯದ ತೀರ್ಪಿನ ವಿರುದ್ಧ 30 ದಿನ. ವಾಹನ ಅಪಘಾತ ಪರಿಹಾರದ ತೀರ್ಪಿನ ವಿರುದ್ಧ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಅವಧಿ ಮುಗಿದರೆ, ಎದುರು ಪಕ್ಷದವರು ಆಕ್ಷೇಪ ಎತ್ತದಿದ್ದರೂ ಮನವಿಯನ್ನು ತಿರಸ್ಕರಿಸಬೇಕೆಂದು ಇದೇ ಕಾಯ್ದೆಯ 3ನೇ ಸೆಕ್ಷನ್ ವಿಧಿಸುತ್ತದೆ.

ಆದರೆ ಕಾಯ್ದೆಯನ್ನು ರಚಿಸಿದವರು ಮನುಷ್ಯರ ಬದುಕನ್ನು ಅರಿಯದವರಾಗಿರಲಿಲ್ಲ. ಆದ್ದರಿಂದಲೇ ಅವರು 5ನೇ ಸೆಕ್ಷನ್ನಿನಲ್ಲಿ ಒಂದು ಬಾಗಿಲನ್ನು ತೆರೆದಿಟ್ಟರು. ಅವಧಿಯೊಳಗೆ ಮೇಲ್ಮನವಿ ಸಲ್ಲಿಸದಿರಲು “ಸಾಕಷ್ಟು ಕಾರಣ” ಇತ್ತೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಅದು ವಿಳಂಬವನ್ನು ಮನ್ನಿಸಬಹುದು. ಯಾವುದು ಸಾಕಷ್ಟು ಕಾರಣ ಎಂಬುದಕ್ಕೆ ಕಾಯ್ದೆಯಲ್ಲಿ ಪಟ್ಟಿಯಿಲ್ಲ. ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಲಾಗಿದೆ. ಕಾಯಿಲೆ, ನೆರೆ, ಬಂಧನ ಇವೆಲ್ಲ ಸುಲಭವಾಗಿ ಅರ್ಥವಾಗುವ ಕಾರಣಗಳು. ಕಠಿಣವಾದ ಪ್ರಶ್ನೆ ಬರುವುದು ವಕೀಲರ ತಪ್ಪಿನ ವಿಷಯದಲ್ಲಿ. ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ವಕೀಲರು ಕಕ್ಷಿದಾರನ ಪ್ರತಿನಿಧಿ. ಪ್ರತಿನಿಧಿ ಮಾಡಿದ್ದು ಕಕ್ಷಿದಾರನೇ ಮಾಡಿದ್ದಕ್ಕೆ ಸಮಾನವೆಂಬುದು ಸಾಮಾನ್ಯ ನಿಯಮ. ಹಾಗಾದರೆ ಪ್ರತಿನಿಧಿಯ ನಿರ್ಲಕ್ಷ್ಯವೂ ಕಕ್ಷಿದಾರನ ನಿರ್ಲಕ್ಷ್ಯವಾಗುತ್ತದೆಯೇ?

ಈ ಪ್ರಶ್ನೆಗೆ ಸುಪ್ರೀಮ್ ಕೋರ್ಟು 1981ರಲ್ಲಿಯೇ ಮಾನವೀಯವಾದ ಉತ್ತರ ಕೊಟ್ಟಿತ್ತು. ಕಾನೂನು ಪುಸ್ತಕಗಳಲ್ಲಿ ರಫೀಕ್ ಪ್ರಕರಣವೆಂದು ಪ್ರಸಿದ್ಧವಾಗಿರುವ ಆ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿದ್ದ ಮೇಲ್ಮನವಿಯ ವಿಚಾರಣೆಯಂದು ಮೇಲ್ಮನವಿದಾರನ ವಕೀಲರು ಹಾಜರಾಗಲಿಲ್ಲ. ಅವರ ಗೈರುಹಾಜರಿಯಲ್ಲೇ ಮೇಲ್ಮನವಿ ಇತ್ಯರ್ಥವಾಯಿತು. ಆ ಆದೇಶವನ್ನು ಹಿಂಪಡೆಯಬೇಕೆಂಬ ಅರ್ಜಿಯೂ ತಿರಸ್ಕೃತವಾಯಿತು. ಸುಪ್ರೀಮ್ ಕೋರ್ಟಿನಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿಯವರು ಈ ವಿಷಯವನ್ನು ಕಕ್ಷಿದಾರನ ಜಾಗದಲ್ಲಿ ನಿಂತು ನೋಡಿದರು. ಹಳ್ಳಿಯಿಂದ ಬಂದ, ಕೋರ್ಟಿನ ಕ್ರಮ ತಿಳಿಯದ ಮನುಷ್ಯನೊಬ್ಬ ವಕೀಲರನ್ನು ನೇಮಿಸಿ, ಶುಲ್ಕ ಕೊಟ್ಟು, ಬೇಕಾದ ಮಾಹಿತಿಯನ್ನೆಲ್ಲ ಒದಗಿಸಿದ ಮೇಲೆ ಅವನ ಪಾಲಿನ ಕರ್ತವ್ಯ ಮುಗಿಯಿತು. ಪ್ರಕರಣ ಬಂದಾಗ ವಕೀಲರು ಹಾಜರಾಗುತ್ತಾರೋ ಇಲ್ಲವೋ ಎಂದು ಕಾವಲು ಕಾಯುವುದು ಅವನ ಕೆಲಸವಲ್ಲ ಎಂಬುದು ಆ ತೀರ್ಪಿನ ಸಾರ. ನ್ಯಾಯಾಲಯ ಮೇಲ್ಮನವಿಗೆ ಮರುಜೀವ ಕೊಟ್ಟಿತು. ಎದುರು ಪಕ್ಷಕ್ಕೆ ಕೊಡಬೇಕಾದ 200 ರೂಪಾಯಿ ಖರ್ಚನ್ನು ಗೈರುಹಾಜರಾದ ವಕೀಲರಿಂದಲೇ ವಸೂಲು ಮಾಡುವಂತೆ ಆದೇಶಿಸಿತು.

ಮೊತ್ತ ಸಣ್ಣದು. ಆದರೆ ಅದರ ಹಿಂದಿನ ನ್ಯಾಯ ಸಣ್ಣದಲ್ಲ. ತಪ್ಪು ಮಾಡಿದವನು ದಂಡ ತೆರಬೇಕು, ತಪ್ಪು ಮಾಡದವನ ವಾದವನ್ನು ಆಲಿಸಬೇಕು ಮತ್ತು ತನ್ನದಲ್ಲದ ಕಾರಣಕ್ಕೆ ಕೋರ್ಟಿಗೆ ಅಲೆದ ಎದುರು ಪಕ್ಷಕ್ಕೆ ಖರ್ಚು ಸಿಗಬೇಕು. ಈ ಮೂರನ್ನೂ ಆ ಒಂದೇ ಆದೇಶ ಸಾಧಿಸಿತು. ವಕೀಲರ ತಪ್ಪಿನ ಪ್ರಶ್ನೆಗೆ ಇದಕ್ಕಿಂತ ಉತ್ತಮವಾದ ಸೂತ್ರ ಆ ಬಳಿಕದ ನಾಲ್ಕು ದಶಕಗಳಲ್ಲಿ ಬಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

1987ರಲ್ಲಿ ಅನಂತನಾಗ್ ಜಿಲ್ಲೆಯ ಭೂಸ್ವಾಧೀನ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಅವರ ಪೀಠವು ಈ ಉದಾರತೆಗೆ ತತ್ವದ ರೂಪ ಕೊಟ್ಟಿತು. ತಡವಾಗಿ ಬರುವುದರಿಂದ ಯಾರಿಗೂ ಲಾಭವಿಲ್ಲ, ಬದಲಾಗಿ ಅಪಾಯವೇ ಇದೆ. ವಿಳಂಬವನ್ನು ಮನ್ನಿಸಿದರೆ ಹೆಚ್ಚೆಂದರೆ ಪ್ರಕರಣದ ಸತ್ಯಾಸತ್ಯತೆಯ ವಿಚಾರಣೆ ನಡೆಯುತ್ತದೆ. ಮನ್ನಿಸದಿದ್ದರೆ ನ್ಯಾಯಬದ್ಧವಾದ ಪ್ರಕರಣವೂ ಹೊಸ್ತಿಲಲ್ಲೇ ಸಾಯಬಹುದು. ಪ್ರತಿಯೊಂದು ದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ನಿಯಮವನ್ನು ಗಂಟೆ, ನಿಮಿಷಗಳ ಲೆಕ್ಕಕ್ಕೆ ಎಳೆಯಬಾರದು ಎಂದು ಆ ತೀರ್ಪು ಎಚ್ಚರಿಸಿತು. ಅಲ್ಲಿ ಆಗಿದ್ದ ವಿಳಂಬ ಬರೇ ನಾಲ್ಕು ದಿನ. ಕಾಟಿಜಿ ಎಂಬ ಮಹಿಳೆಯ ಹೆಸರಿನಲ್ಲಿ ಪ್ರಸಿದ್ಧವಾದ ಈ ತೀರ್ಪು ದೇಶದ ಯಾವ ಮೂಲೆಯಲ್ಲಿ ವಿಳಂಬ ಮನ್ನಾ ಅರ್ಜಿ ಬಂದರೂ ಇಂದಿಗೂ ಉಲ್ಲೇಖವಾಗುತ್ತದೆ. ವಿಪರ್ಯಾಸವೆಂದರೆ ಆ ಪ್ರಕರಣದಲ್ಲಿ ವಿಳಂಬ ಮಾಡಿದವರು ಆ ಮಹಿಳೆಯಲ್ಲ, ಸರಕಾರ. ಭೂಮಿ ಕಳೆದುಕೊಂಡವರಿಗೆ ಹೆಚ್ಚಿಸಲಾದ ಸುಮಾರು 14 ಲಕ್ಷ ರೂಪಾಯಿ ಪರಿಹಾರವನ್ನು ಪ್ರಶ್ನಿಸಿ ತಡವಾಗಿ ಬಂದ ಕಲೆಕ್ಟರರಿಗೆ ಆ ಉದಾರತೆಯ ಮೊದಲ ಫಲ ದೊರಕಿತು.

1998ರಲ್ಲಿ ತಮಿಳುನಾಡಿನ ಪ್ರಕರಣವೊಂದು ಇನ್ನೂ ಮುಂದೆ ಹೋಯಿತು. ಅಲ್ಲಿನ ವಿಳಂಬ 883 ದಿನಗಳು. ವಕೀಲರು ತನಗೆ ಏನೂ ತಿಳಿಸದೆ ಪ್ರಕರಣವನ್ನು ಕೈಬಿಟ್ಟಿದ್ದರೆಂಬುದು ಕಕ್ಷಿದಾರನ ಅಳಲಾಗಿತ್ತು. ಆತ ಗ್ರಾಹಕರ ವೇದಿಕೆಗೆ ಹೋಗಿ ಆ ವಕೀಲರ ವಿರುದ್ಧ 50,000 ರೂಪಾಯಿ ಪರಿಹಾರದ ಆದೇಶವನ್ನೂ ಪಡೆದಿದ್ದ. ವಿಚಾರಣಾ ನ್ಯಾಯಾಲಯ ಮನ್ನಿಸಿದ್ದ ವಿಳಂಬವನ್ನು ಹೈಕೋರ್ಟು ಒಪ್ಪಿರಲಿಲ್ಲ. ಸುಪ್ರೀಮ್ ಕೋರ್ಟು ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿತು. ಎಷ್ಟು ದಿನ ತಡವಾಯಿತೆಂಬುದು ಮುಖ್ಯವಲ್ಲ, ಕೊಟ್ಟ ಕಾರಣ ನಂಬುವಂತಿದೆಯೇ ಎಂಬುದೇ ಮುಖ್ಯ ಎಂದು ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರು ಬರೆದರು.

ಇಷ್ಟನ್ನು ಓದಿದವರು ಇನ್ನು ಆತಂಕವೇಕೆ ಎಂದು ಕೇಳಬಹುದು. ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. 1993ರಲ್ಲಿ ಕಲ್ಕತ್ತದ ಕಂಪೆನಿಯೊಂದು ತನ್ನ ವಕೀಲರ ಸಲಹೆಯನ್ನೇ ದೂರಿ ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಕೋರಿದಾಗ ಸುಪ್ರೀಮ್ ಕೋರ್ಟು ಒಪ್ಪಲಿಲ್ಲ. ರಫೀಕ್ ಪ್ರಕರಣದ ರಕ್ಷಣೆ ಅಮಾಯಕ ಹಳ್ಳಿಗನಿಗೆ ಕೊಟ್ಟದ್ದು. ಅದೇ ನಗರದಲ್ಲಿ ಕಚೇರಿಯಿಟ್ಟು ವ್ಯವಹಾರ ನಡೆಸುವ ವಿದ್ಯಾವಂತರು ತಮ್ಮ ವಕೀಲರನ್ನು ಬೇಕೆಂದಾಗ ತಳ್ಳಿಹಾಕುವಂತಿಲ್ಲ ಎಂದಿತು. ಈ ವಿಂಗಡಣೆ ಸರಿಯಾದದ್ದೇ. ವಕೀಲರ ಮೇಲೆ ನಿಗಾ ಇಡಬಲ್ಲವನನ್ನೂ ಇಡಲಾರದವನನ್ನೂ ಒಂದೇ ಅಳತೆಯಲ್ಲಿ ಅಳೆಯಲಾಗದು. ಆದರೆ ಇತ್ತೀಚಿನ ವರ್ಷಗಳಲ್ಲಿ ಈ ವಿಂಗಡಣೆ ಮಸುಕಾಗುತ್ತಾ ಬಂದಿದೆ. 2024ರ ಎಪ್ರಿಲ್‌ನಲ್ಲಿ ಭೂಸ್ವಾಧೀನ ಪರಿಹಾರ ಕೇಳಿದ ವಾರಸುದಾರರ 5659 ದಿನಗಳ ವಿಳಂಬವನ್ನು ತಿರಸ್ಕರಿಸುತ್ತಾ, ವಿಳಂಬ ಮನ್ನಾ ಅರ್ಜಿಯನ್ನು ತೀರ್ಮಾನಿಸುವಾಗ ಪ್ರಕರಣದ ಸತ್ವವನ್ನು ನೋಡಬೇಕಾಗಿಲ್ಲ ಎಂದು ಸುಪ್ರೀಮ್ ಕೋರ್ಟು ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ, ಎಲ್ಲ ಹೊಣೆಯನ್ನು ವಕೀಲರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಪ್ರವೃತ್ತಿಯನ್ನು ಅದು ಖಂಡಿಸಿತು. ಕಕ್ಷಿದಾರನೂ ತನ್ನ ಪ್ರಕರಣದ ಬಗ್ಗೆ ಎಚ್ಚರದಿಂದಿರಬೇಕೆಂದು ಹೇಳಿತು.

ಈ ಎಚ್ಚರಿಕೆಗೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ವಕೀಲರ ಹೆಸರನ್ನು ನೆಪವಾಗಿ ಬಳಸುವವರು ನಮ್ಮ ನಡುವೆಯೇ ಇದ್ದಾರೆ. ಡಿಕ್ರಿ ಆದ ಬಳಿಕ ವರ್ಷಗಟ್ಟಲೆ ಸುಮ್ಮನಿದ್ದು, ಅಮಲ್ಜಾರಿಗೆ ಅಮೀನರು ಬಂದ ದಿನ ದಿಢೀರನೆ ಎಚ್ಚೆತ್ತು “ವಕೀಲರು ಹೇಳಲೇ ಇಲ್ಲ” ಎಂದು ಪ್ರಮಾಣಪತ್ರ ಸಲ್ಲಿಸುವವರು ಇಲ್ಲವೇ? ಗೆದ್ದವನಿಗೂ ಒಂದು ನ್ಯಾಯವಿದೆ. ಹತ್ತು ವರ್ಷ ಕೋರ್ಟಿಗೆ ಅಲೆದು ಮನೆ ಬಿಡಿಸಿಕೊಂಡ ವಿಧವೆ, ತಮ್ಮಂದಿರೊಡನೆ ಹೋರಾಡಿ ಪಾಲು ಪಡೆದ ಅಕ್ಕ, ಇವರ ನೆಮ್ಮದಿಯನ್ನು ಯಾರೋ ತಡವಾಗಿ ಬಂದು ಕೆದಕುವುದನ್ನು ನ್ಯಾಯವೆನ್ನಲಾದೀತೇ? ವ್ಯಾಜ್ಯಕ್ಕೆ ಒಂದು ಕೊನೆ ಇರಲೇಬೇಕು. ಕಾಲಮಿತಿಯ ಕಾನೂನಿರುವುದು ಅದಕ್ಕಾಗಿಯೇ.

ಹಾಗಿದ್ದರೆ ನಮ್ಮ ತಕರಾರು ಏನು? ಕಕ್ಷಿದಾರನು ಎಚ್ಚರವಾಗಿರಬೇಕೆಂದು ಹೇಳುವಾಗ ಅವನಿಗಿರುವ ಉಳಿದ ದಾರಿಗಳು ಯಾವುವು ಎಂಬುದನ್ನೂ ನೋಡಬೇಕು. 1998ರ ಆ ಕಕ್ಷಿದಾರನಿಗೆ ಗ್ರಾಹಕರ ವೇದಿಕೆಯಾದರೂ ಇತ್ತು. ಇಂದು ಅದೂ ಇಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಮ್ ಕೋರ್ಟು 2024ರ ಮೇ 14ರಂದು ತೀರ್ಪು ನೀಡಿದೆ. ವಕೀಲ ವೃತ್ತಿ ವ್ಯಾಪಾರವಲ್ಲ, ಅದು ಕಕ್ಷಿದಾರನ ನಿಯಂತ್ರಣದಡಿಯ ವೈಯಕ್ತಿಕ ಸೇವೆಯ ಒಪ್ಪಂದ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ನಿಯಂತ್ರಣ ಎಂಬ ಈ ಪದವನ್ನು ಓದುಗರು ಗಮನಿಸಬೇಕು. ಬೀಡಿ ಕಟ್ಟಿ, ಮೀನು ಮಾರಿ, ಗ್ಯಾರೇಜಿನಲ್ಲಿ ದುಡಿದು ಶುಲ್ಕ ಹೊಂದಿಸುವ ಮನುಷ್ಯ ತನ್ನ ವಕೀಲರನ್ನು ನಿಯಂತ್ರಿಸುತ್ತಾನೆಯೇ? ಅವರ ಕಚೇರಿಯ ಹೊರಗಿನ ಬೆಂಚಿನಲ್ಲಿ ಸಂಜೆಯವರೆಗೆ ಕಾದು, ಗುಮಾಸ್ತರ ಬಾಯಿಂದ ಮುಂದಿನ ತಾರೀಕು ಕೇಳಿ ಮರಳುವುದೇ ಅವನ ನಿಯಂತ್ರಣದ ಮಿತಿ.

ಇನ್ನುಳಿದ ದಾರಿಗಳು ಎರಡು. ಒಂದು, 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ನಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು. ಅದು ವಕೀಲರ ದುರ್ನಡತೆಗೆ ಶಿಸ್ತುಕ್ರಮದ ದಾರಿಯೇ ಹೊರತು ಬಿದ್ದುಹೋದ ಮೇಲ್ಮನವಿಯನ್ನು ಎಬ್ಬಿಸಿ ನಿಲ್ಲಿಸುವ ದಾರಿಯಲ್ಲ. ಇನ್ನೊಂದು, ನಷ್ಟ ಪರಿಹಾರಕ್ಕಾಗಿ ಸಿವಿಲ್ ದಾವೆ. ಒಬ್ಬ ವಕೀಲರಿಂದ ಮೋಸಹೋದವನು ಇನ್ನೊಬ್ಬ ವಕೀಲರನ್ನು ಹುಡುಕಿ, ಮೊದಲಿನವರ ವಿರುದ್ಧ ಅದೇ ಊರಿನ ನ್ಯಾಯಾಲಯದಲ್ಲಿ ಇನ್ನೊಂದು ದಶಕ ಹೋರಾಡಬೇಕೆಂದು ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ. ಅಂದರೆ ಒಂದು ತೀರ್ಪು ವಕೀಲರ ತಪ್ಪಿಗೆ ಕಕ್ಷಿದಾರನೇ ಹೊಣೆಯೆನ್ನುತ್ತದೆ. ಇನ್ನೊಂದು ತೀರ್ಪು ಆ ತಪ್ಪಿಗೆ ಸುಲಭವಾಗಿ ಪರಿಹಾರ ಸಿಗುತ್ತಿದ್ದ ಬಾಗಿಲನ್ನು ಮುಚ್ಚುತ್ತದೆ. ಎರಡನ್ನೂ ಬಿಡಿಬಿಡಿಯಾಗಿ ಓದಿದರೆ ತರ್ಕಬದ್ಧವೆನಿಸಬಹುದು. ಒಟ್ಟಿಗೆ ಓದಿದರೆ ಅವುಗಳ ನಡುವಿನ ಕಂದರದಲ್ಲಿ ಬೀಳುವವನು ತಪ್ಪೇ ಮಾಡದ ಕಕ್ಷಿದಾರ. ವಕೀಲರ ಹೊಣೆಗಾರಿಕೆಯನ್ನು ಸಡಿಲಿಸಿದ ನ್ಯಾಯಾಂಗವು ವಿಳಂಬ ಮನ್ನಾದ ಬಾಗಿಲನ್ನು ಅಷ್ಟೇ ಅಗಲವಾಗಿ ತೆರೆದಿಡಬೇಕಾಗಿತ್ತು ಎಂಬುದೇ ನಮ್ಮ ವಾದ.

ಇನ್ನು ಸರಕಾರದ ವಿಷಯ. ಕಾನೂನು ಇಲಾಖೆ, ಸರಕಾರಿ ವಕೀಲರ ಪಡೆ, ಗುಮಾಸ್ತರು, ಕಂಪ್ಯೂಟರು ಎಲ್ಲವೂ ಇರುವ ಸರಕಾರವೇ ವಿಳಂಬ ಮನ್ನಾ ಕೋರಿ ಮತ್ತೆ ಮತ್ತೆ ನ್ಯಾಯಾಲಯದ ಮುಂದೆ ನಿಲ್ಲುತ್ತಿದೆ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತಡವಾಯಿತೆಂಬುದು ಅದರ ಹಳೆಯ ನೆಪ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ತಿರಸ್ಕರಿಸಿದ ಸುಪ್ರೀಮ್ ಕೋರ್ಟು ಕಾಲಮಿತಿ ಸರಕಾರಕ್ಕೂ ಅನ್ವಯಿಸುತ್ತದೆಂದು ನೆನಪಿಸಿತು. 2020ರಲ್ಲಿ 663 ದಿನ ತಡಮಾಡಿದ ಮಧ್ಯಪ್ರದೇಶ ಸರಕಾರಕ್ಕೆ 25,000 ರೂಪಾಯಿ ದಂಡ ವಿಧಿಸಿತು. ನಮ್ಮದೇ ರಾಜ್ಯದ ಉದಾಹರಣೆ ಇನ್ನೂ ಕಣ್ತೆರೆಸುವಂತಿದೆ. ಮಹಿಳೆಯೊಬ್ಬರ ಜಮೀನಿನ ವ್ಯಾಜ್ಯದಲ್ಲಿ ಕರ್ನಾಟಕ ಗೃಹ ಮಂಡಳಿಯು ಹೈಕೋರ್ಟಿಗೆ ಸಲ್ಲಿಸಿದ ಮೇಲ್ಮನವಿ 3966 ದಿನ ತಡವಾಗಿತ್ತು. ಅಂದರೆ ಹತ್ತು ವರ್ಷಕ್ಕೂ ಹೆಚ್ಚು! ಆ ವಿಳಂಬವನ್ನು ಹೈಕೋರ್ಟು ಮನ್ನಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಆ ಮನ್ನಾವನ್ನು ರದ್ದುಪಡಿಸಿತು. ಅಷ್ಟರಲ್ಲಿ ಆ ಮಹಿಳೆ ತೀರಿಹೋಗಿದ್ದರು. ಗೆಲುವು ದೊರಕಿದ್ದು ಅವರ ವಾರಸುದಾರರಿಗೆ.

ಈ ತೀರ್ಪನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದರ ಬಿಸಿ ಬಡವರನ್ನು ಸುಡದಿರಲಿ ಎಂದೂ ಹಾರೈಸುತ್ತೇವೆ. ಸರಕಾರದ ಉದಾಸೀನವನ್ನು ಶಿಕ್ಷಿಸಲು ಬರೆದ ಕಠಿಣ ಮಾತುಗಳನ್ನು ಕೆಳ ನ್ಯಾಯಾಲಯಗಳು ಎಲ್ಲರಿಗೂ ಅನ್ವಯಿಸುವ ಅಪಾಯವಿದೆ. ಹತ್ತು ವರ್ಷ ನಿದ್ರಿಸಿದ ಮಂಡಳಿಗೂ ವಕೀಲರನ್ನು ನಂಬಿ ನಲವತ್ತು ದಿನ ತಡವಾದ ಕೂಲಿಕಾರನಿಗೂ ಒಂದೇ ತಕ್ಕಡಿ ಬಳಸಿದರೆ ಅದು ಸಮಾನತೆಯಾಗದು. ವಿವೇಚನಾಧಿಕಾರವಿರುವುದೇ ವ್ಯತ್ಯಾಸವನ್ನು ಗುರುತಿಸಲಿಕ್ಕಾಗಿ. ಯಾರಿಗೆ ನಿಗಾ ಇಡುವ ಸಾಮರ್ಥ್ಯವಿತ್ತು, ಯಾರಿಗೆ ಇರಲಿಲ್ಲ? ವಿಷಯ ತಿಳಿದ ಕೂಡಲೇ ಯಾರು ಓಡಿಬಂದರು, ಯಾರು ಮತ್ತೆ ಮಲಗಿದರು? ಕೇಳಬೇಕಾದ ಪ್ರಶ್ನೆಗಳು ಇವು.

ವಿವೇಚನಾಧಿಕಾರವೇ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೂ ನಮ್ಮ ಕಣ್ಣೆದುರು ನಿದರ್ಶನವಿದೆ. ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾಯ್ದೆಯಡಿ ವಿಶೇಷ ನ್ಯಾಯಾಲಯದ ತೀರ್ಪು ಅಥವಾ ಜಾಮೀನು ನಿರಾಕರಣೆಯ ವಿರುದ್ಧ 30 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಸಾಕಷ್ಟು ಕಾರಣವಿದ್ದರೆ 90 ದಿನಗಳವರೆಗೆ ಅವಕಾಶ. ಅದರಾಚೆಗೆ ಮೇಲ್ಮನವಿಯನ್ನು ಸ್ವೀಕರಿಸುವಂತಿಲ್ಲವೆಂದು 21ನೇ ಸೆಕ್ಷನ್ ಹೇಳುತ್ತದೆ. ಜೈಲಿನಲ್ಲಿರುವ ಯುವಕನ ವಕೀಲರು 91ನೇ ದಿನ ಅರ್ಜಿ ಹಾಕಿದರೆ ಆ ಒಂದು ದಿನದ ಬೆಲೆಯನ್ನು ಅವನು ವರ್ಷಗಳ ಲೆಕ್ಕದಲ್ಲಿ ತೆರಬೇಕೇ? 2023ರಲ್ಲಿ ಬಾಂಬೆ ಹೈಕೋರ್ಟು ಈ ಮಿತಿಯಾಚೆಗೂ ಮನ್ನಿಸುವ ಅಧಿಕಾರ ತನಗಿದೆ ಎಂದಿತು. ಕೇರಳ ಮತ್ತು ಕಲ್ಕತ್ತಾ ಹೈಕೋರ್ಟುಗಳು ಅದಕ್ಕೆ ವಿರುದ್ಧವಾದ ನಿಲುವು ತಳೆದಿದ್ದವು. 2025ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟು ಮಧ್ಯಂತರ ಆದೇಶದ ಮೂಲಕ, ಆರೋಪಿಗಳ ಅಥವಾ ಸಂತ್ರಸ್ತರ ಮೇಲ್ಮನವಿಗಳನ್ನು 90 ದಿನ ಮೀರಿದೆಯೆಂಬ ಕಾರಣಕ್ಕೆ ತಿರಸ್ಕರಿಸಬಾರದೆಂದು ಸೂಚಿಸಿತು. ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆಯನ್ನು ಕ್ಯಾಲೆಂಡರಿನ ಹಾಳೆಗೆ ಒಪ್ಪಿಸಬಾರದೆಂಬ ವಿವೇಕ ಆ ಆದೇಶದಲ್ಲಿದೆ.

ಸಮುದಾಯವು ಇನ್ನಷ್ಟು ಎಚ್ಚರದಿಂದ ಗಮನಿಸಬೇಕಾದ ವಿಷಯ ವಕ್ಫ್ ಆಸ್ತಿಗಳದ್ದು. 1995ರ ವಕ್ಫ್ ಕಾಯ್ದೆಯ 107ನೇ ಸೆಕ್ಷನ್ನಿನಿಂದಾಗಿ ವಕ್ಫ್ ಸ್ಥಿರಾಸ್ತಿಯ ಸ್ವಾಧೀನಕ್ಕಾಗಿ ಹೂಡುವ ದಾವೆಗಳಿಗೆ ಕಾಲಮಿತಿ ಕಾಯ್ದೆ ಅನ್ವಯವಾಗುತ್ತಿರಲಿಲ್ಲ. 2025ರ ತಿದ್ದುಪಡಿ ಈ ರಕ್ಷಣೆಯನ್ನು ತೆಗೆದುಹಾಕಿತು. 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಮ್ ಕೋರ್ಟು ಈ ಬದಲಾವಣೆಗೆ ತಡೆ ನೀಡಲಿಲ್ಲ. ವಕ್ಫ್ ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನಗಳ ಅವಧಿಯನ್ನೂ ಅದೇ ತಿದ್ದುಪಡಿ ನಿಗದಿಪಡಿಸಿದೆ. ಇಲ್ಲಿ ಒಂದು ಸೂಕ್ಷ್ಮವನ್ನು ಜಮಾಅತ್ ಸಮಿತಿಗಳು ತಿಳಿದಿರಬೇಕು. ವಿಳಂಬ ಮನ್ನಿಸುವ 5ನೇ ಸೆಕ್ಷನ್ ಮೇಲ್ಮನವಿ ಮತ್ತು ಅರ್ಜಿಗಳಿಗೆ ಮಾತ್ರ ಅನ್ವಯಿಸುತ್ತದೆ, ಮೂಲ ದಾವೆಗಳಿಗಲ್ಲ. ಹಕ್ಕಿನ ಆಧಾರದಲ್ಲಿ ಸ್ಥಿರಾಸ್ತಿಯ ಸ್ವಾಧೀನ ಕೇಳಲು ಸಾಮಾನ್ಯವಾಗಿ 12 ವರ್ಷಗಳ ಮಿತಿಯಿದೆ. ಅದು ಮೀರಿದರೆ ಎಂತಹ ಕರುಣಾಮಯಿ ನ್ಯಾಯಾಧೀಶರೂ 5ನೇ ಸೆಕ್ಷನ್ನಿನ ನೆರವು ನೀಡಲಾರರು. ಮುತವಲ್ಲಿಯ ಉದಾಸೀನ ಅಥವಾ ಸಮಿತಿಯ ವಕೀಲರ ಮರೆವು ಸ್ಮಶಾನದ, ಮದ್ರಸದ, ಅನಾಥರ ಹಕ್ಕನ್ನು ಶಾಶ್ವತವಾಗಿ ಅಳಿಸಿಬಿಡಬಹುದು. ತಲೆಮಾರುಗಳ ಹಿಂದೆ ಯಾರೋ ನಂಬಿ ಒಪ್ಪಿಸಿದ ಅಮಾನತ್ತು ಒಂದು ತಾರೀಕಿನ ಮರೆವಿನಿಂದ ಕೈತಪ್ಪಿದರೆ ಯಾರು ಉತ್ತರ ಹೇಳುತ್ತಾರೆ?

ಆಗಬೇಕಾದದ್ದೇನು? ಮೊದಲನೆಯದಾಗಿ, ರಫೀಕ್ ಪ್ರಕರಣದ ಸೂತ್ರವನ್ನು ನ್ಯಾಯಾಲಯಗಳು ಮರಳಿ ಕೈಗೆತ್ತಿಕೊಳ್ಳಬೇಕು. ಕಕ್ಷಿದಾರನು ತನ್ನ ಪಾಲಿನದ್ದನ್ನು ಮಾಡಿದ್ದಾನೆಂದು ಕಂಡುಬಂದರೆ ಅವನ ಮೇಲ್ಮನವಿಯನ್ನು ಆಲಿಸಲಿ. ಎದುರು ಪಕ್ಷದ ತೊಂದರೆಗೆ ಖರ್ಚು ಕೊಡಿಸಲಿ. ಆ ಖರ್ಚು ತಪ್ಪು ಮಾಡಿದವರ ಜೇಬಿನಿಂದ ಬರಲಿ. ವಕೀಲರ ವಿರುದ್ಧ ಆರೋಪ ಬಂದಾಗ ಅವರಿಗೂ ಹೇಳಿಕೊಳ್ಳಲು ಅವಕಾಶ ಕೊಟ್ಟು ಸತ್ಯವನ್ನು ತಿಳಿಯಲಿ. ಆಗ ಸುಳ್ಳು ನೆಪ ಹೇಳುವ ಕಕ್ಷಿದಾರನೂ ಬಯಲಾಗುತ್ತಾನೆ. ಎರಡನೆಯದಾಗಿ, ವಕೀಲರು ಗೈರುಹಾಜರಾದ ಕಾರಣಕ್ಕೆ ಯಾವುದೇ ಪ್ರಕರಣವನ್ನು ವಜಾ ಮಾಡುವ ಮುನ್ನ ಕಕ್ಷಿದಾರನಿಗೇ ನೇರವಾಗಿ ನೋಟೀಸು ಅಥವಾ ಮೊಬೈಲ್ ಸಂದೇಶ ತಲುಪಿಸುವುದನ್ನು ಕಡ್ಡಾಯಗೊಳಿಸಬೇಕು. ವಿದ್ಯುತ್ ಬಿಲ್ಲಿನ ಕೊನೆಯ ದಿನಾಂಕವನ್ನು ಫೋನಿಗೆ ಕಳುಹಿಸುವ ಕಾಲದಲ್ಲಿ ಮನೆ ಕಳೆದುಕೊಳ್ಳುವ ದಿನಾಂಕವನ್ನು ಕಳುಹಿಸುವುದು ಅಸಾಧ್ಯವೇನಲ್ಲ. ಕೊರೋನಾ ಕಾಲದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಕಾಲಮಿತಿಯ ಲೆಕ್ಕದಿಂದಲೇ ಬಿಟ್ಟು ಇಡೀ ದೇಶಕ್ಕೆ ನೆರವಾದ ಸುಪ್ರೀಮ್ ಕೋರ್ಟಿಗೆ ಇಂತಹ ಸಣ್ಣ ವ್ಯವಸ್ಥೆಯನ್ನು ಮಾಡಿಸುವುದು ಕಷ್ಟದ ಮಾತಲ್ಲ.

ಆದರೆ ನ್ಯಾಯಾಲಯಗಳಿಗೆ ಹೇಳಿ ನಾವು ಸುಮ್ಮನಾದರೆ ಅದು ಅರ್ಧ ಸತ್ಯವಾಗುತ್ತದೆ. ವಿಳಂಬ ಮನ್ನಾ ಎಂಬುದು ಹಕ್ಕಲ್ಲ, ನ್ಯಾಯಾಲಯ ತೋರುವ ಔದಾರ್ಯ. ಔದಾರ್ಯವನ್ನು ನಂಬಿ ಮನೆ ಕಟ್ಟಲಾಗದು. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಮದುವೆ ಮುಗಿಯಲಿ, ಹಬ್ಬ ಕಳೆಯಲಿ, ಗಲ್ಫ್‌ನಿಂದ ಅಣ್ಣ ಬರಲಿ ಎಂದು ಮುಂದೂಡುವ ಚಟವನ್ನು ಬಿಡಬೇಕು. ಪ್ರತಿಯೊಂದು ಪ್ರಕರಣಕ್ಕೂ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆಪ್‌ನಲ್ಲಿ ಮುಂದಿನ ತಾರೀಕು, ಹಿಂದಿನ ಆದೇಶ ಎಲ್ಲವನ್ನೂ ಮನೆಯಲ್ಲೇ ನೋಡಬಹುದು. ಕಾಲೇಜಿಗೆ ಹೋಗುವ ಮಗಳಿಗೆ ಇದು ಐದು ನಿಮಿಷದ ಕೆಲಸ. ವಕೀಲರಿಗೆ ಕೊಟ್ಟ ಹಣಕ್ಕೆ ರಶೀದಿ, ಒಪ್ಪಿಸಿದ ಕಾಗದಗಳ ಪಟ್ಟಿ, ಕಳುಹಿಸಿದ ಸಂದೇಶಗಳು ಜೋಪಾನವಾಗಿರಲಿ. ಮುಂದೊಂದು ದಿನ “ನಾನು ನನ್ನ ಪಾಲಿನದ್ದನ್ನು ಮಾಡಿದ್ದೆ” ಎಂದು ನ್ಯಾಯಾಲಯಕ್ಕೆ ತೋರಿಸಲು ಅವೇ ಸಾಕ್ಷಿ. ತಡವಾಗಿದೆಯೆಂದು ತಿಳಿದರೆ ಒಂದು ದಿನವನ್ನೂ ಕಳೆಯಬಾರದು. ತಿಳಿದ ಮೇಲೂ ಸುಮ್ಮನಿದ್ದವನಿಗೆ ಯಾವ ನ್ಯಾಯಾಧೀಶರೂ ಕರುಣೆ ತೋರುವುದಿಲ್ಲ.

ಶುಲ್ಕ ಕೊಡಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿದೆ. ಅದರಡಿ ಮಹಿಳೆಯರಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಪಡೆಯುವ ಹಕ್ಕಿದೆ. ತಾಲೂಕು ಮಟ್ಟದಲ್ಲೂ ಇದರ ಸಮಿತಿಗಳಿವೆ. 15100 ಸಂಖ್ಯೆಗೆ ಕರೆ ಮಾಡಿಯೂ ನೆರವು ಕೇಳಬಹುದು. ನಮ್ಮ ಜಮಾಅತ್‌ಗಳು ಕಾರ್ಯಕ್ರಮಗಳಿಗೆ ಸ್ವಾಗತ ಸಮಿತಿ, ಊಟದ ಸಮಿತಿ, ಪ್ರಚಾರ ಸಮಿತಿಗಳನ್ನು ರಚಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಮೊಹಲ್ಲಾದಲ್ಲಿ ಯಾರ ಪ್ರಕರಣ ಎಲ್ಲಿದೆ, ಯಾರ ಅವಧಿ ಯಾವ ದಿನ ಮುಗಿಯುತ್ತದೆ ಎಂದು ಬರೆದಿಡುವ ಒಂದು ಪುಸ್ತಕ ಮತ್ತು ಅದನ್ನು ನೋಡಿಕೊಳ್ಳುವ ಇಬ್ಬರು ಯುವ ವಕೀಲರ ವ್ಯವಸ್ಥೆಯನ್ನು ಎಷ್ಟು ಜಮಾಅತ್‌ಗಳು ಮಾಡಿವೆ? ಸಮುದಾಯದಿಂದ ಕಾನೂನು ಓದಿ ಬರುತ್ತಿರುವ ಯುವಕ ಯುವತಿಯರ ಸಂಖ್ಯೆ ಇಂದು ಸಣ್ಣದಲ್ಲ. ಅವರಿಗೆ ಸನ್ಮಾನದ ಶಾಲು ಹೊದಿಸಿ ಕಳುಹಿಸುವ ಬದಲು ವಾರಕ್ಕೆ ಒಂದು ಸಂಜೆಯನ್ನು ಕೇಳಿ ಪಡೆಯಬಾರದೇಕೆ?

ವಕೀಲ ವೃತ್ತಿಯ ಬಗ್ಗೆ ನಮಗೆ ಗೌರವವಿದೆ. ಶುಲ್ಕವಿಲ್ಲದೆ ಅಮಾಯಕರ ಪರ ನಿಂತವರು ನಮ್ಮ ನಡುವೆಯೇ ಇದ್ದಾರೆ. ಕೆಲಸದ ಒತ್ತಡದಲ್ಲಿ ಒಂದು ತಾರೀಕು ತಪ್ಪುವುದು ಮನುಷ್ಯಸಹಜವೆಂಬುದನ್ನೂ ನಾವು ಬಲ್ಲೆವು. ಹಾಗೆ ತಪ್ಪಿದಾಗ ಅದನ್ನು ಮುಚ್ಚಿಡದೆ ಕಕ್ಷಿದಾರನಿಗೆ ತಿಳಿಸಿ, ತಮ್ಮ ತಪ್ಪನ್ನು ಒಪ್ಪಿಕೊಂಡು ತಾವೇ ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸುವ ಪ್ರಾಮಾಣಿಕತೆ ಅವರಲ್ಲಿರಬೇಕು. ಅನೇಕ ಮೇಲ್ಮನವಿಗಳು ಸಾಯುವುದು ತಪ್ಪಿನಿಂದಲ್ಲ, ಆ ತಪ್ಪನ್ನು ಮುಚ್ಚಿಡಲು ಹೇಳಿದ “ಇನ್ನೂ ಲಿಸ್ಟ್ ಆಗಿಲ್ಲ” ಎಂಬ ಸುಳ್ಳಿನಿಂದ.

ನ್ಯಾಯಾಲಯ ಗೌರವ ಗಳಿಸುವುದು ತಾಂತ್ರಿಕ ಕಾರಣಕ್ಕೆ ಬಾಗಿಲು ಮುಚ್ಚುವುದರಿಂದಲ್ಲ, ಅನ್ಯಾಯವನ್ನು ಸರಿಪಡಿಸುವುದರಿಂದ ಎಂಬ ಅರ್ಥದ ಮಾತನ್ನು 1987ರ ಅದೇ ತೀರ್ಪು ಹೇಳಿತ್ತು. ನಾಲ್ಕು ದಿನ ತಡವಾದ ಕಲೆಕ್ಟರರಿಗೆ ಆ ಮಾತಿನ ಫಲ ಸಿಕ್ಕಿತು. ಮೋಸಹೋದ ಕಕ್ಷಿದಾರ ಕಾಗದಗಳ ಚೀಲ ಹಿಡಿದು ಕೋರ್ಟಿನ ಜಗಲಿಯಲ್ಲಿ ಇನ್ನೂ ನಿಂತಿದ್ದಾನೆ. ಸರಕಾರಕ್ಕೆ ತೆರೆದ ಬಾಗಿಲು ಅವನಿಗೂ ತೆರೆಯಲಿ.